ಏಳನೇ ನಂಬರಿನ ವಾಲ್ವ್

ಹಡಗು ಕಾಂಕ್ರೀಟಿನ ಮೇಲೆ ಕೂತು ಎಂಟು ತಿಂಗಳಾಗಿತ್ತು. ಆದರೂ ನಿವೃತ್ತ ಕಮಾಂಡರ್ ತ್ರಿನಾಥ ದಿನಾ ಬೆಳಿಗ್ಗೆ ಎಂಟಕ್ಕೆ ದಿನಚರಿ ಪುಸ್ತಕ ತೆರೆದು, ‘ವೇಗ ಸೊನ್ನೆ. ದಿಕ್ಕು ನಿನ್ನೆಯದೇ. ಸಮುದ್ರ ಇನ್ನೂರು ಗಜ ದೂರದಲ್ಲಿ ಶಾಂತವಾಗಿದೆ’ ಎಂದು ಬರೆದು ಸಹಿ ಹಾಕುತ್ತಿದ್ದರು. ಬರೆಯಿರಿ ಎಂದು ಯಾರೂ ಹೇಳಿರಲಿಲ್ಲ. ಬರೆಯಬೇಡಿ ಎನ್ನುವ ಧೈರ್ಯವೂ ಯಾರಿಗೂ ಇರಲಿಲ್ಲ.

ವಿಶಾಖಪಟ್ಟಣದಿಂದ ಭೀಮಿಲಿಗೆ ಹೋಗುವ ರಸ್ತೆಯ ಪಕ್ಕಕ್ಕೆ ‘ಮಕರಗಿರಿ’ ಯುದ್ಧನೌಕೆಯನ್ನು ಎಳೆದು ತಂದು ಮ್ಯೂಸಿಯಂ ಮಾಡಲು ಹೊರಟ ಸಮಿತಿ, ಹಿಂದೆ ಅದರಲ್ಲೇ ದುಡಿದಿದ್ದ ಹನ್ನೊಂದು ಮಂದಿ ಮುದುಕರನ್ನು ಕರೆಸಿ ‘ಗೌರವ ಸಲಹೆಗಾರರು’ ಎಂದು ಕಾಗದ ಕೊಟ್ಟಿತ್ತು. ಸಂಬಳವಿಲ್ಲ. ಎರಡು ಹೊತ್ತು ಚಹಾ, ತಲೆಗೊಂದು ಟೋಪಿ. ಸಲಹೆ ಕೊಡಿ ಎಂದರೆ ಈ ಮಹನೀಯರು ಪಾಳಿ ಹಾಕಿಕೊಂಡು ಕಾವಲಿಗೆ ನಿಂತರು. ಹಡಗು ಹತ್ತುವವರೆಲ್ಲ ಏಣಿಯ ಬಳಿ ಅಪ್ಪಣೆ ಕೇಳಬೇಕು, ಸೆಲ್ಯೂಟ್ ಹೊಡೆಯಬೇಕು. ಎರಡೂ ಕೈಯಲ್ಲಿ ಕೆಟಲ್ ಹಿಡಿದ ಚಹಾದವನು ಸೆಲ್ಯೂಟ್ ಹೊಡೆಯುವುದು ಹೇಗೆ ಎಂದು ಒಂದು ವಾರ ಚರ್ಚೆ ನಡೆದು, ಅವನು ತಲೆ ಬಗ್ಗಿಸಿದರೆ ಸಾಕು ಎಂದು ತೀರ್ಮಾನವಾಯಿತು. ಅಷ್ಟರಲ್ಲಿ ಅವನು ಬರುವುದನ್ನೇ ಬಿಟ್ಟಿದ್ದ.

ಈ ಹನ್ನೊಂದು ಮಂದಿಯಲ್ಲಿ ಪೈಡಿರಾಜುವಿಗೆ ಮಾತ್ರ ಸ್ವಂತದ್ದೊಂದು ಕೆಲಸವಿತ್ತು. ಅವನಿಗೆ ಗೋಡೆಯ ಮೇಲೆ ತನ್ನ ಹೆಸರು ಬೇಕಾಗಿತ್ತು.

ಮೂವತ್ತಾರು ವರ್ಷದ ಹಿಂದೆ ಇದೇ ಹಡಗಿನ ಬಾಯ್ಲರ್ ಕೋಣೆಗೆ ನೀರು ನುಗ್ಗಿತ್ತು. ಆಗ ಮೊಣಕಾಲುದ್ದದ ನೀರಿನಲ್ಲಿ ನಿಂತು ಏಳನೇ ನಂಬರಿನ ವಾಲ್ವ್ ತಿರುಗಿಸಿದವನು ಪೈಡಿರಾಜು. ತಿರುಗಿಸಿದ್ದು ನೆನಪಿದೆ, ಆಮೇಲೆ ಕಾಲು ಜಾರಿ ತಲೆಗೆ ಪೆಟ್ಟು ಬಿದ್ದದ್ದರಿಂದ ಮುಂದಿನದು ನೆನಪಿಲ್ಲ. ಎಂಟು ದಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅದೇ ಹಡಗಿನಲ್ಲಿದ್ದ ಸನ್ಯಾಸಿ ಎಂಬ ಗೆಳೆಯ ಬಂದು ಉಳಿದದ್ದನ್ನು ಹೇಳಿದ್ದ: “ಹಡಗು ಉಳಿಸಿಬಿಟ್ಟೆ ಕಣೋ! ಇಂಜಿನಿಯರ್ ಸಾಹೇಬ್ರು ವಾಲ್ವ್ ಕೆಳಗೆ ಗೋಡೆ ಮೇಲೆ ಉಳಿ ಹಿಡಿದು ನಿನ್ನ ಹೆಸರು ಕೆತ್ತಿದಾರೆ.” ಪೈಡಿರಾಜು ಎದ್ದು ಬಂದು ನೋಡುವಷ್ಟರಲ್ಲಿ ಅದರ ಮೇಲೆ ಬೂದು ಬಣ್ಣ ಬಿದ್ದಿತ್ತು. ತಿಂಗಳೊಳಗೆ ಅವನಿಗೆ ಬೇರೆ ಹಡಗಿಗೆ ವರ್ಗವಾಯಿತು. ಅದು ಬಡ್ತಿಯೆಂದೇ ಅವನು ಇವತ್ತಿಗೂ ತಿಳಿದಿದ್ದ. ಮರುವರ್ಷ ಸನ್ಯಾಸಿ ತನ್ನ ತಂಗಿ ನೂಕರತ್ನಂಳನ್ನು ಅವನಿಗೆ ಕೊಟ್ಟು ಮದುವೆ ಮಾಡಿದ. ಹಡಗು ಉಳಿಸಿದ ಅಳಿಯ ಎಂದು ಮಾವ ಊರಿಗೆಲ್ಲ ಮಾಡುಗುಲ ಹಲ್ವಾ ಹಂಚಿದರು.

ಆ ವೀರನಿಗೆ ಮನೆಯಲ್ಲಿ ನಲ್ಲಿ ಮುಟ್ಟುವ ಅಧಿಕಾರವಿರಲಿಲ್ಲ. ಮೊದಲ ಸಲ ಅವನು ನಲ್ಲಿ ರಿಪೇರಿ ಮಾಡಿದಾಗ ಪಕ್ಕದ ಮನೆಯ ಅಕ್ಕಿಮೂಟೆ ತೊಯ್ದಿತ್ತು. ಎರಡನೆಯ ಸಲ ಟಿವಿ ಹೋಯಿತು. ಮೂರನೆಯ ಸಲ ಗೃಹಪ್ರವೇಶದ ದಿನವೇ ಮಹಡಿಯ ಟ್ಯಾಂಕು ಖಾಲಿಯಾಗಿ, ಪುರೋಹಿತರು ಹೋಮಕುಂಡ ಎತ್ತಿಕೊಂಡು ಮಂಚ ಹತ್ತಿದರು. “ಹಡಗು ಉಳಿಸ್ದೋನಂತೆ! ಈ ಮನೆಯಲ್ಲಿ ಒಂದು ನಲ್ಲಿಗೆ ಕೈ ಹಾಕಿದ್ರೆ ನೋಡು,” ಎಂದು ನೂಕರತ್ನಂ ಅಂದೇ ಹೇಳಿಬಿಟ್ಟಿದ್ದಳು. ಆ ಮಾತು ಅವನ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಹೆಸರನ್ನು ಅವಳ ಕಣ್ಣಿಗೆ ಒಮ್ಮೆ ತೋರಿಸಿದರೆ ಸಾಕು, ಮತ್ತೇನೂ ಬೇಡ.

ಮ್ಯೂಸಿಯಂ ನೋಡಿಕೊಳ್ಳಲು ಹೈದರಾಬಾದಿನಿಂದ ಬಂದಿದ್ದ ಲಾಸ್ಯ ಎಂಬ ಹುಡುಗಿ ಬಲು ಮರ್ಯಾದಸ್ಥೆ, ಅಷ್ಟೇ ಗಟ್ಟಿ. “ಅಂಕಲ್, ಪುರಾವೆ ಇಲ್ದೆ ನಾನು ಫಲಕ ಹಾಕಲ್ಲ. ಗೋಡೆ ಮೇಲೆ ಹೆಸರಿದೆ ಅಂತೀರಲ್ಲ, ತೋರಿಸಿ. ಉದ್ಘಾಟನೆಗೆ ಇನ್ನೂ ಮೂರು ವಾರ ಇದೆ,” ಎಂದಳು.

ಪೈಡಿರಾಜು ಕೆರೆಯಲು ಕೂತ. ಮೂವತ್ತಾರು ವರ್ಷದ ಬಣ್ಣವೆಂದರೆ ಸುಮ್ಮನೆಯಲ್ಲ. ತಪಾಸಣೆಗೊಂದು ಬಳಿತ, ತಪಾಸಣೆ ಮುಗಿದ ಸಂತೋಷಕ್ಕೊಂದು ಬಳಿತ. ಬೆಳಗಿನಿಂದ ಸಂಜೆಯವರೆಗೆ ಕೆರೆದರೆ ಅಂಗೈಯಗಲ ಜಾಗದಲ್ಲಿ ನಾಲ್ಕು ಪದರ ಹೋಗುತ್ತಿತ್ತು. ಆದರೆ ಮರುದಿನ ಬಂದು ನೋಡಿದರೆ ಅಲ್ಲಿ ಹೊಸ ಬೂದು ಬಣ್ಣ ಫಳಫಳ ಹೊಳೆಯುತ್ತಿತ್ತು.

ಬಣ್ಣದ ವಿಭಾಗದ ಸಲಹೆಗಾರ ಬೇರೆ ಯಾರೂ ಅಲ್ಲ, ಸನ್ಯಾಸಿಯೇ.

“ಏನೋ ಭಾವ ಇದು? ನಾನು ಕೆರೀತೀನಿ, ನೀನು ಬಳೀತೀಯ!”

“ಬರೀ ಕಬ್ಬಿಣ ಕಂಡ್ರೆ ನನ್ನ ಕೈ ನಿಲ್ಲಲ್ಲ ಭಾವ. ಸಮುದ್ರದ ಗಾಳಿ, ತುಕ್ಕು ಹಿಡಿಯುತ್ತೆ.”

“ನನಗೇ ತುಕ್ಕು ಹಿಡೀತಿದೆ. ನನ್ನ ಗೋಡೆ ಬಿಟ್ಟು ಬೇರೆ ಏನಾದ್ರೂ ಬಳಿ, ಮಾರಾಯ!”

ಹೀಗೆ ಸುಮಾರು ಮೂರು ವಾರ ಒಬ್ಬ ಕೆರೆದ, ಒಬ್ಬ ಬಳಿದ. ಇಬ್ಬರೂ ಮಧ್ಯಾಹ್ನ ಒಂದೇ ಕಾಗದದಲ್ಲಿ ಪುನುಗುಲು ಬೋಂಡಾ ತಿಂದರು. ಗೋಡೆ ಮಾತ್ರ ಇದ್ದಷ್ಟೇ ದಪ್ಪವಿತ್ತು.

ಉದ್ಘಾಟನೆಯ ಹಿಂದಿನ ದಿನ ಬೆಳಿಗ್ಗೆ, ನಾಳೆ ಮಂತ್ರಿಗಳೇ ಬರುತ್ತಾರೆಂದು ಸುದ್ದಿ ಬಂತು. ಕಮಾಂಡರ್ ತ್ರಿನಾಥ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, “ನಾಳೆ ತಪಾಸಣೆ!” ಎಂದರು. ಅಷ್ಟೇ. ಆ ಒಂದು ಪದ ಕಿವಿಗೆ ಬಿದ್ದದ್ದೇ ತಡ, ಹತ್ತು ಮುದುಕರಿಗೆ ಮೈಮೇಲೆ ದೇವರು ಬಂದಂತಾಯಿತು. ಮಂಡಿನೋವು, ಸಕ್ಕರೆ, ಕಣ್ಣಿನ ಪೊರೆ ಎಲ್ಲ ಮರೆತು ಡಬ್ಬಿ, ಬ್ರಷ್ಷು ಹಿಡಿದು ಹೊರಟರು. ಫಿರಂಗಿಗೆ ಬಣ್ಣ, ಕಂಬಿಗೆ ಬಣ್ಣ. ಲಾಸ್ಯ ಮೂರು ತಿಂಗಳು ಕೂತು ಬರೆಸಿದ್ದ ಅರವತ್ತು ಮಾಹಿತಿ ಫಲಕಗಳಿಗೂ ಬಣ್ಣ, ಹಿಂದೆ ಮುಂದೆ ಎರಡೂ ಕಡೆ. ಊಟದ ಕೋಣೆಯಲ್ಲಿ ಕೂರಿಸಿದ್ದ ನಾವಿಕರ ಗೊಂಬೆಗಳಿಗೂ ಮೀಸೆಯಿಂದ ಬೂಟಿನವರೆಗೆ ಬೂದು. ಅವಳು ಸಮಿತಿಯ ಸಭೆ ಮುಗಿಸಿ ಬಂದಾಗ ಒಂದು ಗೊಂಬೆಯ ತಟ್ಟೆಯಲ್ಲಿದ್ದ ಪ್ಲಾಸ್ಟಿಕ್ ಇಡ್ಲಿ ಕೂಡ ಬೂದಾಗಿತ್ತು. ಪಾಪದ ಹುಡುಗಿ ಮೆಟ್ಟಿಲ ಮೇಲೆ ಕುಸಿದು ಕೂತಳು.

“ಅಂಕಲ್, ಫಲಕದ ಮೇಲೆ ಅಕ್ಷರ ಇತ್ತಲ್ಲ!”

“ಇತ್ತಮ್ಮ, ಅದಕ್ಕೇ ಎರಡು ಬಳಿತ ಬೇಕಾಯ್ತು,” ಎಂದರು ಕಮಾಂಡರ್, ಹೆಮ್ಮೆಯಿಂದ.

ಮೇಲೆ ಈ ಭರಾಟೆ ನಡೆದಿದ್ದಾಗ ಕೆಳಗೆ ಬಾಯ್ಲರ್ ಕೋಣೆಯಲ್ಲಿ ಪೈಡಿರಾಜು ಒಬ್ಬನೇ ಇದ್ದ. ಸನ್ಯಾಸಿ ಮೇಲೆ ಸಿಕ್ಕಿಕೊಂಡಿದ್ದ. ಬೇಕಾಗಿದ್ದುದು ಇಂಥದೇ ಒಂದು ದಿನ. ಪೈಡಿರಾಜು ಊಟ ಬಿಟ್ಟು ಕೆರೆದ. ಮಧ್ಯಾಹ್ನ ಮೂರಕ್ಕೆ ಮೊದಲ ಅಕ್ಷರ ಕಂಡಿತು. ಇಂಗ್ಲಿಷಿನಲ್ಲಿ, ದೊಡ್ಡದಾಗಿ, ಆಳವಾಗಿ ಕೆತ್ತಿದ ಅವನದೇ ಹೆಸರು! ಅವನ ಕಣ್ಣು ತುಂಬಿ ಬಂತು. ಹೆಸರಿನ ಮುಂದೆಯೂ ಅಕ್ಷರಗಳಿದ್ದವು. ಪ್ರಶಂಸೆ ಇರಬೇಕೆಂದು ಅವಸರದಿಂದ ಕೆರೆದ. ಪೂರ್ತಿ ಕೆರೆದು, ಅಂಗಿಯ ತುದಿಯಿಂದ ಒರೆಸಿ, ಕನ್ನಡಕ ಹಾಕಿಕೊಂಡು ಓದಿದ.

‘ಪೈಡಿರಾಜು ಈ ವಾಲ್ವನ್ನು ಯಾವ ಕಾರಣಕ್ಕೂ ಮುಟ್ಟಕೂಡದು. ಇದು ಆಜ್ಞೆ.’

ಹಿಂದೆ ಹೆಜ್ಜೆ ಸಪ್ಪಳವಾಯಿತು. ಡಬ್ಬಿ ಹಿಡಿದುಕೊಂಡು ಸನ್ಯಾಸಿ ನಿಂತಿದ್ದ.

“ನಿನಗೆ ಗೊತ್ತಿತ್ತಾ?” ಪೈಡಿರಾಜು ತಿರುಗದೆ ಕೇಳಿದ.

“ಗೊತ್ತಿತ್ತು ಭಾವ. ಮೊದಲು ಬಂದಿದ್ದು ಪಾದ ಮುಳುಗುವಷ್ಟು ನೀರು. ನೀನು ವಾಲ್ವನ್ನ ಉಲ್ಟಾ ತಿರುಗಿಸಿದ ಮೇಲೆ ಮೊಣಕಾಲಿಗೆ ಬಂತು. ಸಾಹೇಬ್ರು ಉಳಿ ಹಿಡಿದು ಕೂತಿದ್ದನ್ನ ನಾನೇ ನೋಡಿದೆ. ಅವರು ಆ ಕಡೆ ಹೋಗ್ತಿದ್ದಂಗೆ ಬಳಿದುಬಿಟ್ಟೆ.”

“ಯಾಕೋ?”

“ಮನೇಲಿ ನಿಮ್ಮ ಮದುವೆ ಮಾತು ನಡೀತಿತ್ತು. ತಂಗಿ ನೂಕಾಲುಗೆ ನಿನ್ನ ಫೋಟೋ ಹಿಡಿಸಿತ್ತು.” ಸನ್ಯಾಸಿ ಡಬ್ಬಿ ಕೆಳಗಿಟ್ಟ. “ಒಂದು ಸುಳ್ಳಿಗೆ ಇಷ್ಟು ವರ್ಷ ಬಣ್ಣ ಬಳಿದಿದೀನಿ. ನೀನು ಸರಿದುಕೋ, ಇದೊಂದು ಸಲ ಬಳಿದುಬಿಡ್ತೀನಿ.”

ನಾಳೆ ಹೆಂಡತಿ ಬರುವವಳಿದ್ದಳು. ಹೊಸ ಸೀರೆಯನ್ನೂ ತೆಗೆದಾಗಿತ್ತು. ಪೈಡಿರಾಜು ಸರಿದು ನಿಂತ. ಆದರೆ ಗೊಂಬೆ, ಫಲಕ, ಇಡ್ಲಿಗಳಿಗೆ ಬಳಿದು ಬಳಿದು ಡಬ್ಬಿಯ ತಳ ಕಂಡಿತ್ತು. ಬ್ರಷ್ಷು ಒತ್ತಿ ಎಳೆದರೂ ತೆಳ್ಳಗೆ ಒಂದೇ ಬಳಿತ ಬಿತ್ತು. ಇಡೀ ಹಡಗಿನಲ್ಲಿ ಇನ್ನೊಂದು ಹನಿ ಬಣ್ಣವಿರಲಿಲ್ಲ.

ಮರುದಿನ ಮಂತ್ರಿಗಳು ಏಣಿಯ ಬಳಿ ಅಪ್ಪಣೆ ಕೇಳಿ, ಸೆಲ್ಯೂಟ್ ಹೊಡೆದು ಹಡಗು ಹತ್ತಿದರು. ಹಿಂದೆ ಜನ, ಕ್ಯಾಮೆರಾ, ಜನರ ನಡುವೆ ನೂಕರತ್ನಂ. ಏನಾದರೂ ಓದಿ ಏನಾದರೂ ಹೇಳಬೇಕಲ್ಲ, ಅವರು ಮೊದಲ ಫಲಕದ ಮುಂದೆ ನಿಂತರು. ಬೂದು. ಎರಡನೆಯದೂ ಬೂದು. “ಇದು ಏನಮ್ಮಾ?” ಎಂದು ಕೇಳಿದಾಗಲೆಲ್ಲ ಲಾಸ್ಯ ನೆಲ ನೋಡುತ್ತಿದ್ದಳು. ಅರವತ್ತು ಬೂದು ಹಲಗೆಗಳನ್ನು ಗಂಭೀರವಾಗಿ ನೋಡಿ ತಲೆಯಾಡಿಸಿ ಸುಸ್ತಾದ ಮಂತ್ರಿಗಳು ಬಾಯ್ಲರ್ ಕೋಣೆಗಿಳಿದರು. ಅಲ್ಲಿ ವಾಲ್ವಿನ ಕೆಳಗೆ, ತೆಳು ಬಣ್ಣದಡಿಯಿಂದ ಅಕ್ಷರಗಳು ಸ್ಪಷ್ಟವಾಗಿ ಎದ್ದು ಕಾಣುತ್ತಿದ್ದವು.

“ಅಬ್ಬಾ, ಇಲ್ಲೊಂದು ಓದೋಕೆ ಸಿಕ್ತು!” ಎಂದು ಖುಷಿಯಿಂದ ಮೈಕು ತೆಗೆದುಕೊಂಡು ದೊಡ್ಡ ದನಿಯಲ್ಲಿ ಓದಿದರು. ಇಂಗ್ಲಿಷ್ ಬಾರದವರಿಗಾಗಿ ಇನ್ನೊಮ್ಮೆ ತೆಲುಗಿನಲ್ಲೂ ಹೇಳಿದರು.

“ಯಾರಪ್ಪಾ ಈ ಪೈಡಿರಾಜು?”

ಸನ್ಯಾಸಿ ಅವನ ತೋಳು ಹಿಡಿದು ಹಿಂದಕ್ಕೆಳೆದ. ಹನ್ನೊಂದು ಮಂದಿಯಲ್ಲಿ ಒಬ್ಬನೂ ಬಾಯಿ ಬಿಡುತ್ತಿರಲಿಲ್ಲ, ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಪೈಡಿರಾಜು ತೋಳು ಬಿಡಿಸಿಕೊಂಡು ಮುಂದೆ ಬಂದು ನೆಟ್ಟಗೆ ನಿಂತ.

“ನಾನೇ ಸಾರ್. ಮುಚ್ಚೋ ಬದಲು ತೆರೆದುಬಿಟ್ಟೆ.”

ಅವನು ಹೆಂಡತಿಯ ಕಡೆ ನೋಡಲಿಲ್ಲ. ಮೊದಲು ಕೇಳಿಸಿದ್ದು ಅವಳ ನಗು. ಸೆರಗು ಬಾಯಿಗೊತ್ತಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನೂಕರತ್ನಂ ನಗುತ್ತಿದ್ದಳು.

“ಯಾರಯ್ಯಾ ಆ ಸಾಹೇಬ? ಪುಣ್ಯಾತ್ಮ! ಒಂದೇ ದಿನಕ್ಕೆ ತಿಳ್ಕೊಂಡುಬಿಟ್ಟಿದಾನೆ. ನನಗೆ ಮೂರು ಸಲ ಮನೆ ಮುಳುಗಬೇಕಾಯ್ತು!” ಆಮೇಲೆ ಸನ್ಯಾಸಿಯ ಕಡೆ ತಿರುಗಿದಳು. “ಅಣ್ಣಾ, ನಿನ್ನನ್ನ ಮನೇಲಿ ನೋಡ್ಕೋತೀನಿ. ಮೊದಲೇ ಹೇಳಿದ್ರೆ ನಾನೇನು ಬೇಡ ಅಂತಿದ್ನಾ? ಅಕ್ಕಿಮೂಟೆನಾದ್ರೂ ಉಳೀತಿತ್ತು.”

ಇಡೀ ಕೋಣೆ ನಕ್ಕಿತು. ಮಂತ್ರಿಗಳಿಗೆ ಉತ್ಸಾಹ ಬಂತು. “ಹಡಗು ಈಗ ಕಾಂಕ್ರೀಟಿನ ಮೇಲಿದೆ, ಇನ್ನೇನಾಗುತ್ತೆ? ಆ ಆಜ್ಞೆ ನಾನು ರದ್ದು ಮಾಡಿದೆ. ತಿರುಗಿಸಿ ಪೈಡಿರಾಜುಗಾರು!”

“ಲಿಖಿತ ಆಜ್ಞೆಯನ್ನ ಬಾಯಿಮಾತಲ್ಲಿ ರದ್ದು ಮಾಡೋ ಹಾಗಿಲ್ಲ ಸಾರ್,” ಎಂದು ಕಮಾಂಡರ್ ಶುರು ಮಾಡುವಷ್ಟರಲ್ಲಿ ನೂಕರತ್ನಂ ಅಡ್ಡ ಬಂದು ನಿಂತಿದ್ದಳು.

“ಬೇಡ ಸ್ವಾಮೀ, ನಿಮಗೆ ಕೈ ಮುಗೀತೀನಿ. ನಾನು ಹೊಸ ಸೀರೆ ಉಟ್ಕೊಂಡು ಬಂದಿದೀನಿ.”

ಪೈಡಿರಾಜು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ನೂಕರತ್ನಂ ಗೋಡೆಯ ಹತ್ತಿರ ಹೋಗಿ, ಅವನು ಹಡಗಿನಿಂದ ಹಾಕುತ್ತಿದ್ದ ಹಳೆಯ ಕಾಗದಗಳ ಹಿಂಬದಿಯಲ್ಲಿ ನೋಡಿ ನೋಡಿ ಗುರುತಾಗಿದ್ದ ಅವನ ಹೆಸರಿನ ಅಕ್ಷರಗಳ ಮೇಲೆ ಒಮ್ಮೆ ಬೆರಳಾಡಿಸಿದಳು. “ಹೆಸರಂತೂ ದೊಡ್ಡದಾಗೇ ಬರೆದಿದಾನೆ,” ಎಂದಳು. ಬೆರಳಿಗೆ ಹತ್ತಿದ ಹಸಿ ಬೂದು ಬಣ್ಣವನ್ನು ಗಂಡನ ಅಂಗಿಗೇ ಒರೆಸಿದಳು. ಆಮೇಲೆ ಅವನ ಬೆನ್ನ ಹಿಂದಿನಿಂದ ಒಂದು ಕೈ ಎಳೆದುಕೊಂಡು ಗಟ್ಟಿಯಾಗಿ ಹಿಡಿದು, ದಾರಿಯಲ್ಲಿ ಅವನು ಏನನ್ನೂ ಮುಟ್ಟದ ಹಾಗೆ, ಮೇಲಿನವರೆಗೂ ಬಿಡದೆ ನಡೆಸಿಕೊಂಡು ಹೋದಳು.