ಪಟ್ಟಿಯಲ್ಲಿ ಅಕ್ಕನ ಕಾಲು

ಬೆಳಗಿನ ಪ್ರಾರ್ಥನೆಯನ್ನು ಅವಳು ಒಂದು ದಿನವೂ ತಪ್ಪಿಸಿದವಳಲ್ಲ. ಅದರ ಬಗ್ಗೆ ಒಳಗೊಳಗೇ ಜಂಬವೂ ಇತ್ತು, ಇಲ್ಲವೆಂದರೆ ಸುಳ್ಳಾದೀತು. ಆರೂವರೆಗೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಬೀರುವಿನ ಬಾಗಿಲಿಗೆ ಅಂಟಿಸಿದ್ದ, ಕಾಯಿಲೆ ಕಷ್ಟದಲ್ಲಿರುವವರ ಪಟ್ಟಿಯ ಹೆಸರುಗಳನ್ನೆಲ್ಲ ದೇವರಿಗೆ ಒಪ್ಪಿಸುವಳು. ಕಣ್ಣು ಮುಚ್ಚಿದರೂ ಕಿವಿ ಹಾಲಿನ ಪಾತ್ರೆಯ ಮೇಲೆ, ಮನಸ್ಸು ಎಂಟು ಗಂಟೆಯ ಹಾಜರಿಯ ಮೇಲೆ. ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಅವಳು ಬಟ್ಟೆ ಕತ್ತರಿಸುವವಳು. ನಲವತ್ತು ಪದರ ಪೇರಿಸಿ ಒಟ್ಟಿಗೇ ಕತ್ತರಿಸಿ ರೂಢಿ. ಹೆಸರುಗಳನ್ನೂ ಹಾಗೇ ಒಂದೇ ಉಸಿರಿಗೆ ಕತ್ತರಿಸಿ ಎಸೆಯುತ್ತಿದ್ದಳು.

"ನಿಧಾನಕ್ಕೆ ಹೇಳೇ, ದೇವರಿಗೂ ಉಸಿರಾಡೋಕೆ ಬಿಡು," ಎಂದ ಗಂಡ.

"ನೀವು ಸುಮ್ನೆ ಹಲ್ಲುಜ್ಜಿ," ಎಂದು ಆಮೆನ್ ಹೇಳಿ ಎದ್ದಳು. ಎದ್ದ ಮೇಲೆ ಎಂದಿನಂತೆ ಏನನ್ನೋ ಮರೆತ ಹಾಗನ್ನಿಸಿತು. ಗ್ಯಾಸ್ ಆರಿಸಿದ್ದೇನಾ ಎಂದು ಎರಡೆರಡು ಸಲ ನೋಡಿದಳು. ಆರಿಸಿಯೇ ಇತ್ತು.

ಬಸ್ಸಿಗೆಂದು ಓಡುವಾಗ ಔಷಧಿ ಅಂಗಡಿಯ ಮೆಟ್ಟಿಲಿಳಿದು ಅಕ್ಕ ಬಂದಳು. ಎರಡು ಬೀದಿ ಆಚೆ ಒಬ್ಬಳೇ ಇರುವ ಸ್ವಂತ ಅಕ್ಕ. ಅವಳ ಕಾಲು ಮುರಿದ ದಿನ ನೋಡಿ ಬಂದಿದ್ದೇ ಕೊನೆ. ಆಮೇಲೆ ಈ ವಾರ, ಮುಂದಿನ ವಾರ ಎಂದು ದೂಡಿದ್ದೇ ಆಯಿತು. ಇಬ್ಬರದೂ ಬೇರೆ ಬೇರೆ ಚರ್ಚು, ಹಾಗಾಗಿ ಭಾನುವಾರವೂ ಮುಖ ನೋಡಿರಲಿಲ್ಲ. ಈಗ ನೋಡಿದರೆ ಕೋಲಿಲ್ಲ, ಪ್ಲಾಸ್ಟರಿಲ್ಲ, ದಾಪುಗಾಲು ಹಾಕುತ್ತಿದ್ದಾಳೆ!

"ಅಕ್ಕಾ, ಕಾಲು?"

"ಪ್ಲಾಸ್ಟರ್ ಬಿಚ್ಚಿ ಐದು ವಾರ ಆಯ್ತಲ್ಲೇ."

ಅರ್ಧ ಗಂಟೆಯ ಹಿಂದಷ್ಟೇ ಇವಳು ಆ ಮೂಳೆ ಕೂಡಿಸಪ್ಪಾ ಎಂದು ದೇವರನ್ನು ಬೇಡಿದ್ದಳು. ಬಾಯಿ ಸುಮ್ಮನಿರಲಿಲ್ಲ. "ದಿನಾ ನಿನ್ನ ಕಾಲಿಗೆ ಪ್ರಾರ್ಥನೆ ಮಾಡ್ತಿದ್ದೀನಿ. ಇವತ್ತೂ ಮಾಡ್ದೆ!"

ಅಕ್ಕ ಗೊಳ್ಳೆಂದು ನಕ್ಕಳು. "ಹಂಗಾದ್ರೆ ಇನ್ನೂ ಗಟ್ಟಿ ಆಗಿರುತ್ತೆ ಬಿಡು." ನಗು ಅರ್ಧಕ್ಕೇ ನಿಂತಿತು. "ದೇವರಿಗೆ ಹೇಳಿದ್ದನ್ನ ನನಗೂ ಒಂದು ಫೋನ್ ಮಾಡಿ ಕೇಳಬಹುದಿತ್ತು," ಎಂದು ಹೊರಟೇಹೋದಳು.

ಅಂದು ಕೆಲಸದಲ್ಲಿ ಎರಡು ಸಲ ಗೆರೆ ತಪ್ಪಿತು, ಮೇಸ್ತ್ರಿಯಿಂದ ಬೈಸಿಕೊಂಡಳು. ಇಷ್ಟು ದಿನ ತಾನು ಮಾತಾಡಿದ್ದು ದೇವರ ಹತ್ತಿರವೋ, ಬೀರುವಿನ ಬಾಗಿಲ ಹತ್ತಿರವೋ? ಅಕ್ಕನೂ ದೂರವಾದಳು, ನೆಚ್ಚಿಕೊಂಡಿದ್ದ ಪ್ರಾರ್ಥನೆಯೂ ಪೊಳ್ಳಾಯಿತು ಎಂದು ಅವಳಿಗೆ ನಿಜಕ್ಕೂ ಹೆದರಿಕೆಯಾಯಿತು.

ಮರುದಿನ ಆರೂವರೆಗೆ ಸ್ಟೂಲಿನ ಮೇಲೆ ಕೂರಲಾಗಲಿಲ್ಲ. ಚಪ್ಪಲಿ ಮೆಟ್ಟಿ ನಡೆದೇಬಿಟ್ಟಳು. ಅಕ್ಕನ ಬಾಗಿಲು ಓರೆಯಾಗಿತ್ತು. ಒಳಗೆ ಅಕ್ಕ ಮಂಡಿಯೂರಿ, ಜಗಳಕ್ಕೆ ನಿಂತವಳಂತೆ ಗಟ್ಟಿಯಾಗಿ ಪ್ರಾರ್ಥಿಸುತ್ತಿದ್ದಳು.

"ಮತ್ತೆ ನನ್ನ ತಂಗಿ, ಯೇಸಪ್ಪಾ. ನಿನ್ನೆ ಅವಳಿಗೆ ಚುಚ್ಚಿ ಮಾತಾಡಿಬಿಟ್ಟೆ, ಕ್ಷಮಿಸು. ಪಾಪ, ಅವಳಿಗೆ ಒಂದು ಗಳಿಗೆ ಪುರುಸೊತ್ತು ಕೊಡು. ಒಂದು ಸಲ ಈ ಕಡೆ ಬರೋ ಹಾಗೆ ಮಾಡು. ಕಾಲು ಮುರಿದಾಗಿಂದ ದಿನಾ ಕೇಳ್ತಿದ್ದೀನಿ, ನೀನು ಕಿವಿಗೇ ಹಾಕ್ಕೊಳ್ತಿಲ್ಲ."

ಹೊಸ್ತಿಲಲ್ಲಿ ನಿಂತವಳು ಚಪ್ಪಲಿ ಕಳಚಿದಳು. ಎಂಟು ಗಂಟೆಯ ಹಾಜರಿ ಆಗಲೂ ನೆನಪಾಯಿತು, ಹಾಳು ಮನಸ್ಸು.

"ಬಂದಿದ್ದೀನಕ್ಕಾ."

ಅಕ್ಕ ಕಣ್ಣು ತೆರೆಯಲಿಲ್ಲ. ಪಕ್ಕದ ನೆಲ ತಟ್ಟಿದಳು.

"ಕೂತ್ಕೋ. ಇನ್ನೂ ಆಮೆನ್ ಅಂದಿಲ್ಲ."