ಗುಲಾಬಿಗೊಂದು ಸಂಬಂಧ

ಒಂದಾನೊಂದು ಊರಿನಲ್ಲಿ ಒಬ್ಬಳು ಅಜ್ಜಿ, ಆ ಅಜ್ಜಿಗೊಬ್ಬಳು ಮೊಮ್ಮಗಳು. ಊರು ಕೋಡಿ. ಕಾಲ ತೀರ ಹಿಂದಿನದಲ್ಲ, ಹೋದ ವರ್ಷದ ಆಸಾಡಿ ತಿಂಗಳು. ಇಬ್ಬರೂ ಹದಿನಾಲ್ಕು ತಿಂಗಳಿನಿಂದ ಒಂದು ಪ್ರೇತದ ಮದುವೆಗೆ ಕಾಯುತ್ತಿದ್ದರು.

ಪ್ರೇತದ ಹೆಸರು ಇಂದುಧರ, ‘ಅಳಿವೆಯ ವರ’ ಎಂಬ ಕಾದಂಬರಿ ಸರಣಿಯ ನಾಯಕ. ನೂರು ವರ್ಷದ ಹಿಂದೆ ದೋಣಿ ಮಗುಚಿ ಸತ್ತವನು, ಚೈತ್ರಿಕಾ ಎಂಬ ಬದುಕಿರುವ ಹುಡುಗಿಯನ್ನು ಹತ್ತು ಪುಸ್ತಕಗಳ ಉದ್ದಕ್ಕೂ ಪ್ರೀತಿಸಿ, ಹತ್ತನೆಯದರ ಕೊನೆಯಲ್ಲಿ ಮದುವೆಯ ಮಾತು ಕೊಟ್ಟಿದ್ದ. ಅಜ್ಜಿ ಸುಗುಣಮ್ಮನಿಗೆ ಓದು ಬಾರದು. ಮೊಮ್ಮಗಳು ನಿಖಿತಾ ಓದಿ ಹೇಳುವವಳು. ಹನ್ನೊಂದನೆಯ ಭಾಗ ಬಂದ ಮಂಗಳವಾರ ಅವಳು ಊಟವನ್ನೂ ಮರೆತು ಕುಳಿತುಬಿಟ್ಟಳು. ಅಜ್ಜಿ ಎದುರಿಗೆ ಹಲಸಿನ ಬೀಜದ ಸಿಪ್ಪೆ ಸುಲಿಯುತ್ತ ಕೂತಳು.

ಇನ್ನೂರ ಹನ್ನೆರಡನೆಯ ಪುಟದಲ್ಲಿ ಮಂಟಪ ಸಿದ್ಧವಾಯಿತು. ಅಜ್ಜಿಯ ಕೈ ನಿಂತಿತು. ಮುಂದಿನ ಪುಟದಲ್ಲಿ ಇಂದುಧರ ತಾಳಿ ಎತ್ತಿದ. ಅದರ ಮುಂದಿನದರಲ್ಲಿ ಬೆಳಕಾಗಿ ಆಕಾಶದಲ್ಲಿ ಕರಗಿಹೋದ. ಉಳಿದದ್ದು ಆರೇ ಪುಟ. ಅಷ್ಟರಲ್ಲಿ ಚೈತ್ರಿಕಾ, ಮೂವತ್ತನೆಯ ಪುಟದಲ್ಲಿ ಬೈಕು ಹತ್ತಿ ಬಂದಿದ್ದ ಒಬ್ಬ ಇನ್‌ಸ್ಪೆಕ್ಟರನನ್ನು ಮದುವೆಯಾಗಿ ಮುಗಿಸಿದಳು.

“ಮುಂದೆ?” ಎಂದಳು ಅಜ್ಜಿ.

“ಮುಂದ್ ಎಂತ ಇಲ್ಲ. ಮುಗೀತ್.”

“ಹಂಗಾರ್ ಆ ಗಂಡ್?”

“ಮುಕ್ತಿ ಸಿಕ್ತ್ ಅಂಬ್ರ್.”

“ಮದಿ ಆಗ್ದೆ ಎಂತ ಮುಕ್ತಿ ಹೆಣೆ? ಹತ್ ಪುಸ್ತಕ ಮಾತ್ ಕೊಟ್ಟ್, ಕಡೀಗ್ ಪೊಲೀಸಿನವ್ನಿಗ್ ಕೊಡುದಾ? ಬರ್ದವ್ಳ್ ಮನಿಯಂಗ್ ಹೇಳೋರ್ ಕೇಳೋರ್ ಯಾರೂ ಇಲ್ಯಾ?”

ನಿಖಿತಾಳಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. ಮೊಬೈಲು ತೆಗೆದು, ಪುಸ್ತಕಕ್ಕೆ ಒಂದೇ ಒಂದು ನಕ್ಷತ್ರ ಒತ್ತಿ, ಲೇಖಕಿಗೆ ನಾಲ್ಕು ಮಾತು ಬರೆಯಲು ಹೊರಟಳು.

“ಬೈದ್ ಬರೀಬ್ಯಾಡ,” ಎಂದಳು ಅಜ್ಜಿ. “ನಾನೂ ಮಾತ್ ಕೊಟ್ಟ್ ಅದ್ನೇ ಮಾಡದ್ದ್.”

ಮದುವೆಯಾಗದೆ ತೀರಿಹೋದ ಮಕ್ಕಳಿಗೆ, ಹಾಗೆಯೇ ತೀರಿಹೋದ ಇನ್ನೊಂದು ಮನೆಯ ಮಕ್ಕಳನ್ನು ಹುಡುಕಿ ಆಸಾಡಿಯಲ್ಲಿ ಮದುವೆ ಮಾಡುತ್ತಾರೆಂದು ನಿಖಿತಾಳಿಗೆ ಗೊತ್ತಿತ್ತು. ತನ್ನ ಮನೆಯಲ್ಲೇ ಒಬ್ಬಳು ಕಾಯುತ್ತಿದ್ದಾಳೆಂದು ಅಜ್ಜಿ ಈಗ ಹೇಳುವವರೆಗೆ ಗೊತ್ತಿರಲಿಲ್ಲ. ಅಪ್ಪನಿಗಿಂತ ಮೊದಲು ಹುಟ್ಟಿದ ಗುಲಾಬಿ. ಮೂರು ವರ್ಷಕ್ಕೆ ಜ್ವರ ಬಂದು ಹೋದವಳು. ಎತ್ತಿಕೊಂಡು ಹೋಗುವ ಮೊದಲು ಅಜ್ಜಿ ಅವಳ ಕಿವಿಯಲ್ಲಿ, “ಮದಿ ಮಾಡಿ ಕಳ್ಸ್ತೆ” ಎಂದಿದ್ದಳಂತೆ. ಈ ಆಸಾಡಿ ಆಗಲಿಲ್ಲ, ಬಪ್ಪ ಆಸಾಡಿ ಎನ್ನುತ್ತ ಐವತ್ತೈದು ವರ್ಷ ಕಳೆದಿತ್ತು.

“ನಾನ್ ಹೋದ್ ಮೇಲೆ ಅವ್ಳ ಹೆಸ್ರ್ ಹೇಳೋರ್ ಯಾರಿದ್ರ್?” ಎಂದಳು ಅಜ್ಜಿ. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, “ಆಸಾಡಿ ಮುಗೂಕೆ ಎಷ್ಟ್ ದಿನ ಇತ್ತ್?”

“ಹದಿನೆಂಟ್.”

“ಸ್ಕೂಟಿ ತೆಗಿ.”

ಅಲ್ಲಿಂದ ನಿಖಿತಾಳಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ನಲವತ್ತು ವರ್ಷ ಮೀನಿನ ಬುಟ್ಟಿ ಹೊತ್ತು ಮನೆಮನೆ ತಿರುಗಿದ ಅಜ್ಜಿಗೆ, ಯಾವ ಮನೆಯಲ್ಲಿ ಯಾವ ಮಳೆಗಾಲಕ್ಕೆ ಯಾವ ಮಗು ಹೋಯಿತೆಂಬುದು ಬಾಯಿಪಾಠ. ಆಯಾ ಜಗಲಿಯಲ್ಲಿ ಬುಟ್ಟಿ ಇಳಿಸಿ ಅತ್ತವಳಲ್ಲವೇ. ಮೊಮ್ಮಗಳು ಗಾಡಿ ಬಿಡುವಳು, ಹಿಂದೆ ಕೂತ ಅಜ್ಜಿ ಸತ್ತವರ ಪಟ್ಟಿ ಹೇಳುವಳು. ಬ್ರಹ್ಮಾವರದ ಹುಡುಗನ ಬಳಿ, ಗೋತ್ರದಂಥದು, ಇವರದೇ ಆಗಿ ಅಣ್ಣ ತಂಗಿಯ ಲೆಕ್ಕವಾಯಿತು. ತ್ರಾಸಿಯವನನ್ನು ಅಜ್ಜಿಯೇ ಬೇಡವೆಂದಳು.

“ಕುಡ್ದ್ ಬಾವಿಗ್ ಬಿದ್ದವ್ನಿಗ್ ನನ್ ಹೆಣ್ಣ್ ಕೊಡುದಿಲ್ಲ.”

“ಈಗ ಅವ ಕುಡೂದಿಲ್ಲ ಅಲ್ದಾ ಅಜ್ಜಿ?”

“ಅದ್ ನಿಂಗ್ ಹ್ಯಾಂಗ್ ಗೊತ್ತ್?”

ಹಾಗೆ ಹನ್ನೊಂದನೆಯ ದಿನ ಗುಲ್ವಾಡಿಯ ಚಂದಯ್ಯನ ಜಗಲಿ ಮುಟ್ಟಿದರು. ಅವನ ಅಣ್ಣ, ಗುಡ್ಡ ಎಂಬ ಹೆಸರಿನವನು, ಐದು ವರ್ಷದವನಿದ್ದಾಗ ಹೊಳೆಗೆ ಬಿದ್ದು ತೀರಿಕೊಂಡಿದ್ದ. ಆಗ ಚಂದಯ್ಯ ಇನ್ನೂ ಹುಟ್ಟಿರಲಿಲ್ಲ. ಬಳಿ ಬೇರೆ ಬೇರೆ ಎಂದು ಗೊತ್ತಾದದ್ದೇ ಅಜ್ಜಿ ಕಾಲು ಮಡಚಿ ಸರಿಯಾಗಿ ಕೂತಳು.

“ಗಂಡ್ ಎಂತ ಮಾಡ್ಕಂಡಿದ್ದ?”

“ಗೋಲಿ ಆಡ್ಕಂಡಿದ್ದ ಸುಗುಣಕ್ಕ. ನಮ್ಮಮ್ಮ ಹೇಳ್ತಿದ್ಲ್.”

“ಸಿಟ್ಟ್ ಗಿಟ್ಟ್?”

“ಒಂಚೂರ್ ಇದ್ದಿತ್ತ್ ಅಂಬ್ರ್. ನಿಮ್ ಹೆಣ್ಣ್ ಹ್ಯಾಂಗ್?”

“ನಮ್ದ್ ಮೆತ್ತಗ್. ಬೆಲ್ಲಕ್ ಮಾತ್ರ ಹಟ.”

“ನಮ್ಮನಿಯಂಗ್ ಬೆಲ್ಲಕ್ ಬರ ಇಲ್ಲ,” ಎಂದಳು ಬಾಗಿಲಲ್ಲಿ ನಿಂತಿದ್ದ ಚಂದಯ್ಯನ ಹೆಂಡತಿ. ಯಾರೂ ನಗಲಿಲ್ಲ. ನಿಖಿತಾ ಮೊಬೈಲಿನಲ್ಲಿ ವಯಸ್ಸು ಕೂಡಿಸಿದಳು. ಇದ್ದಿದ್ದರೆ ಗಂಡಿಗೆ ಅರವತ್ತು, ಹೆಣ್ಣಿಗೆ ಐವತ್ತೆಂಟು. ಅವಳ ಎದೆ ಹತ್ತು ಪುಸ್ತಕಗಳಲ್ಲಿ ಎಂದೂ ಬಡಿದುಕೊಳ್ಳದಷ್ಟು ಬಡಿದುಕೊಳ್ಳುತ್ತಿತ್ತು.

ಕುಂದಾಪುರದ ಅಂಗಡಿಯಲ್ಲಿ ಅಜ್ಜಿ ಧಾರೆ ಸೀರೆ ಆರಿಸಿದಳು, ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು, ಮತ್ತೆ ಒಳಗೆ ಹೋಗಿ ಮೂರು ವರ್ಷದ ಮಗುವಿನ ಅಳತೆಯ ಒಂದು ಹಳದಿ ಫ್ರಾಕನ್ನೂ ಕೊಂಡಳು. “ದೊಡ್ದ್ ಆಯಿತ್ತೋ ಇಲ್ಯೋ, ಯಾರ್ ಕಂಡದ್ದ್?”

ಮದುವೆಯ ದಿನ ಬೆಳಿಗ್ಗೆ, ಮಳೆಗಾಲಕ್ಕೆ ಮೀನಿನ ಬೋಟು ದಡದಲ್ಲಿದ್ದುದರಿಂದ ಬಿಡುವಾಗಿದ್ದ ಅಪ್ಪ ರಾಘವೇಂದ್ರ, ತಾನು ಕಾಣದ ಅಕ್ಕನ ಬದಲಿಗೆ ಬೆಳ್ಳಿಯ ಪುಟ್ಟ ಗೊಂಬೆಯೊಂದನ್ನು ತಟ್ಟೆಯಲ್ಲಿಟ್ಟು ಹಿಡಿದುಕೊಂಡು ಗುಲ್ವಾಡಿಗೆ ಬಂದ. ಹಿಂದೆಯೇ ಹೊಸ್ತಿಲು ದಾಟಲು ಹೋದ ನಿಖಿತಾಳನ್ನು ಚಂದಯ್ಯನ ಹೆಂಡತಿ ತಡೆದಳು.

“ಮದಿ ಆಗ್ದಿದ್ದವ್ರ್ ಇದನ್ನ್ ಕಾಂಬುಕಾಗ ಮಗಾ. ಹಿಂದ್ ಕೊಟ್ಟಿಗಿ ಬದಿ ಕೂಕೊ.”

ಸಂಬಂಧ ಕುದುರಿಸಲು ಊರೂರು ಸುತ್ತಿದವಳು ಕೊಟ್ಟಿಗೆಯ ಕಟ್ಟೆಯ ಮೇಲೆ, ಕಟ್ಟಿಗೆಯ ರಾಶಿಗೆ ಮುಖ ಮಾಡಿ ಕುಳಿತಳು. ಕೂರಲಾಗದೆ ಎದ್ದು ನಿಂತಳು. ಗೋಡೆಯಾಚೆ ಅಪ್ಪ ಸುತ್ತು ಎಣಿಸುವುದು ಕೇಳುತ್ತಿತ್ತು. “ಐದ್ ಆಯ್ತ್. ಇನ್ನೆರಡ್.” ಕಾಣಲು ಏನೂ ಇಲ್ಲದಿದ್ದರೂ ಅವಳು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ಏಳನೆಯ ಸುತ್ತಿಗೆ ಒಳಗೆ ಹೆಂಗಸರೆಲ್ಲ ಒಮ್ಮೆಲೇ ಸುಮ್ಮನಾದರು. ಆಮೇಲೆ ಅಜ್ಜಿಯ ಸ್ವರ, ಮೀನು ಮಾರುವಾಗಿನಷ್ಟೇ ಗಟ್ಟಿಯಾಗಿ: “ಹ್ವಾಯ್, ಅಕ್ಕಿಕಾಳ್ ಹಾಕಿ, ಎಂತ ಕಾಣ್ತಾ ನಿಂತ್ಕಂಡ್ರಿ?”

ಊಟವಾಯಿತು. ಮದುಮಕ್ಕಳ ಎರಡು ಎಲೆಗಳಿಗೂ ಬಡಿಸಿದರು. ಹೊರಡುವಾಗ ತಟ್ಟೆ ಖಾಲಿ. ಗೊಂಬೆ ಗಂಡನ ಮನೆಯ ಒಳಕೋಣೆಯಲ್ಲಿ ಉಳಿಯಿತು. ನಿಖಿತಾ ಸ್ಕೂಟಿ ಚಾಲೂ ಮಾಡಿ ಕಾದಳು. ಜಗಲಿಯ ಮೆಟ್ಟಿಲಲ್ಲಿ ಅಜ್ಜಿ ನಿಂತು ಹಿಂದಕ್ಕೆ ತಿರುಗಿದಳು.

“ನಮ್ ಹೆಣ್ಣಿಗ್ ಕತ್ಲಿ ಅಂದ್ರೆ ಹೆದ್ರಿಕಿ,” ಎಂದಳು ಚಂದಯ್ಯನ ಹೆಂಡತಿಗೆ. “ಮನ್ಸ್ ಬಂದ್ರೆ ಒಂದ್ ದೀಪ ಇಡಿ.”

ಆಕೆ ಒಳಗೆ ಹೋದಳು. ಮಳೆ ಬಿಟ್ಟು ಅಂಗಳದ ತುಂಬ ಮಧ್ಯಾಹ್ನದ ಬಿಸಿಲಿತ್ತು. ನಿಖಿತಾ ಗಾಡಿ ಬಂದ್ ಮಾಡಿದಳು. ಒಳಕೋಣೆಯಲ್ಲಿ ಕಡ್ಡಿ ಗೀರಿದ ಸದ್ದು ಕೇಳಿತು. ಅಜ್ಜಿ ಮೆಟ್ಟಿಲಿಳಿದಳು.