ಹೂವಿನೊಳಗಿನ ರೇಡಿಯೊ

"ಅಕ್ಕಾ, ಬೇಗ ಮುಗಿಸು. ಬೇಲಿ ಕೀಳೋ ಯಂತ್ರದವನು ಬಂದು ನಿಂತಿದ್ದಾನೆ!"

ತಮ್ಮ ಬದುವಿನ ಮೇಲಿಂದ ಕೂಗಿದಾಗ ಅಕ್ಕ ಕೆಳಗಿನ ಹೊಲದ ಕುಂಬಳದ ಬಳ್ಳಿಗಳ ನಡುವೆ ಬಗ್ಗಿದ್ದಳು. ಗಂಡು ಹೂವಿನ ಎಸಳು ಕಿತ್ತು, ಒಳಗಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ಬಾಯೊಳಗೆ ಸವರುತ್ತಿದ್ದಳು. ಬಿಸಿಲೇರಿ ಹೂ ಮುದುಡಿದರೆ ಕಾಯಿ ಕಟ್ಟುವುದಿಲ್ಲ. ಹೋದ ವರ್ಷ ಇಲ್ಲಿಯ ಗಿಡಗಂಟಿಯ ಬೇಲಿ ಕಿತ್ತು ಎರಡು ಸಾಲು ಹೆಚ್ಚಿಗೆ ಹಾಕಿದ್ದರು. ಬೇಲಿಯ ಜೊತೆಗೇ ದುಂಬಿಗಳೂ ಗಂಟುಮೂಟೆ ಕಟ್ಟಿದ್ದವು. ಅವು ಪುಕ್ಕಟೆ ಮಾಡುತ್ತಿದ್ದ ಚಾಕರಿ ಈಗ ಅವಳ ಸೊಂಟಕ್ಕೆ ಬಿದ್ದಿತ್ತು. ಕೂಲಿ ಕೇಳದ ದುಡಿಮೆ ಯಾರ ಲೆಕ್ಕಕ್ಕೆ ಬಂದೀತು! ಇವತ್ತು ಮೇಲಿನ ಹೊಲದ ಬೇಲಿಯ ಸರದಿ. ಹೊಲ ಇಬ್ಬರದು, ಅವಳು ಹೂಂ ಅನ್ನುವುದೊಂದು ಬಾಕಿ.

"ನಡು ಹಿಡ್ಕೊಂಡಿದೆ ಕಣೋ. ಉಳಿದದ್ದು ನೀನೇ ಮಾಡು ಬಾ."

"ನಾನಾ?"

"ಮತ್ತೆ? ಬೇಲಿ ಕಿತ್ತೋನು ನೀನು, ದುಂಬಿ ಕೆಲಸ ನಂಗಾ?"

ಯಂತ್ರದವನು ಕಿಸಕ್ಕನೆ ನಕ್ಕ. "ಹೋಗಣ್ಣ, ಎರಡು ರೆಕ್ಕೆ ಕಟ್ಕೊಂಡು ಹೋಗು."

ತಮ್ಮ ಗೊಣಗುತ್ತ ಇಳಿದ. ಸಾಲು ಮುಗಿಯುವಷ್ಟರಲ್ಲಿ ಅವನ ಅಂಗಿ ಬೆನ್ನಿಗಂಟಿತ್ತು.

"ಅಮ್ಮ ಇದನ್ನೆಲ್ಲ ಮಾಡಿದ್ದು ನಾನು ನೋಡೇ ಇಲ್ವಲ್ಲ."

"ಅಮ್ಮ ಬೇಲಿ ನೆರಳಲ್ಲಿ ಕಾಲು ಚಾಚಿ ಕೂತಿರ್ತಿದ್ಲು. ಮಿಕ್ಕಿದ್ದನ್ನ ಅವೇ ನೋಡ್ಕೋತಿದ್ವು."

ಇಬ್ಬರೂ ಮೇಲಿನ ಹೊಲಕ್ಕೆ ಹತ್ತಿದರು. ಬೇಲಿಯ ಪಕ್ಕದಲ್ಲೇ ಯಂತ್ರ ಗುಡುಗುಡು ಅನ್ನುತ್ತಿತ್ತು. ಅಕ್ಕ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಒಂದು ಕುಂಬಳದ ಹೂವನ್ನು ಬಗ್ಗಿ ನೋಡಿದಳು, ಬಾಯಿ ಮುಚ್ಚುವಂತೆ ಎಸಳುಗಳನ್ನು ಹಿಡಿದಳು, ಮೆಲ್ಲಗೆ ಕಿತ್ತು ತಮ್ಮನ ಕಿವಿಗೆ ಇಟ್ಟಳು. ಚಿಕ್ಕಂದಿನಲ್ಲಿ ಅವನು ರಚ್ಚೆ ಹಿಡಿದಾಗಲೆಲ್ಲ ಹೀಗೇ ಮಾಡುತ್ತಿದ್ದಳು. ಒಳಗೆ ಸಿಕ್ಕಿಕೊಂಡ ದುಂಬಿ ಗುಂಯ್‌ಗುಟ್ಟಿದ ಕೂಡಲೇ ಅಳು ನಿಲ್ಲುತ್ತಿತ್ತು. ಮೂಗು ಸೋರುತ್ತಿದ್ದಂತೆಯೇ ಎಲ್ಲರನ್ನೂ ಗದರುತ್ತಿದ್ದ: "ಸುಮ್ನಿರಿ, ನನ್ ರೇಡಿಯೊ ಹಾಡ್ತಿದೆ!"

ತಮ್ಮ ತಲೆ ಹಿಂದೆಳೆಯಲಿಲ್ಲ. ನರೆತ ಗಡ್ಡಕ್ಕೆ ಹಳದಿ ಪುಡಿ ಉದುರಿತು.

"ಅಣ್ಣಾ, ಶುರು ಮಾಡ್ಲಾ?" ಯಂತ್ರದವನು ಕೂಗಿದ.

ತಮ್ಮ ತಿರುಗದೆಯೇ ಕೈಯೆತ್ತಿದ. "ಮೊದಲು ಅದನ್ನ ಆಫ್ ಮಾಡಯ್ಯ. ಏನೂ ಕೇಳಿಸ್ತಿಲ್ಲ."

ಗುಡುಗು ನಿಂತಿತು. ತಮ್ಮ ಹೂವಿಗೆ ಕಿವಿ ಒತ್ತಿ ಒಳಗಿನ ದುಂಬಿಯ ಗುಂಯ್‌ ಕೇಳಿದ. ಆಮೇಲೆ ಅಕ್ಕ ಬೆರಳು ಸಡಿಲಿಸಿದಳು. ಮೈತುಂಬ ಹಳದಿ ಮೆತ್ತಿಕೊಂಡ ದುಂಬಿ ಹೊರಬಂದು, ಅವನ ಕಿವಿಯನ್ನೊಮ್ಮೆ ಸುತ್ತಿ, ಬೇಲಿಯೊಳಕ್ಕೆ ನುಗ್ಗಿತು.